ವಾಲಿಗೆ ಎಷ್ಟು ಎಚ್‌ಪಿ? ವೀರರನ್ನು ಮೇಜಿನ ಆಟಕ್ಕೆ ತರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಭಾನುವಾರ ಊಟ ಆದ ಮೇಲೆ ಜಗಲಿಯಲ್ಲಿ ಐದಾರು ಜನ ಸೇರಿ ರೋಲ್‌ಪ್ಲೇಯಿಂಗ್ ಗೇಮ್ ಆಡುತ್ತೇವೆ. ಮಳೆಗಾಲದಲ್ಲಿ ಕರೆಂಟು ಹೋದರೂ ನಿಲ್ಲದ ಆಟ ಇದೊಂದೇ. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆಗಳು ಬರುತ್ತವೆ. ಭೀಮನನ್ನು ಮಾಡಬಹುದಾ, ಕರ್ಣನಿಗೆ ಯಾವ ಕ್ಲಾಸ್ (ಅಂದರೆ ಎಂಥ ಯೋಧ), ಅಭಿಮನ್ಯು ಸಾಯಲೇಬೇಕಾ? ಪ್ರತಿ ಸಲ ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಒಮ್ಮೆ ಬರೆದಿಡುತ್ತಿದ್ದೇನೆ.

ಇದೇನು ಆಟ? ಮೊಬೈಲ್ ಗೇಮ್ ಅಲ್ವಾ?

ಅಲ್ಲ. ಕಾಗದ, ಪೆನ್ಸಿಲ್, ದಾಳ, ಬಾಯಿ. ಇಷ್ಟಿದ್ದರೆ ಆಯಿತು. ಒಬ್ಬರು ಗೇಮ್ ಮಾಸ್ಟರ್ ಆಗಿ ಕಥೆಯ ಜಾಗ, ಶತ್ರುಗಳು, ಹವಾಮಾನ ಎಲ್ಲ ನೋಡಿಕೊಳ್ಳುತ್ತಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. 'ನಾನು ಬಾಗಿಲು ಒದೆಯುತ್ತೇನೆ' ಅಂದರೆ ದಾಳ ಹಾಕಬೇಕು. ಬಾಗಿಲು ಮುರಿಯಿತೋ ಕಾಲು ಉಳುಕಿತೋ ದಾಳ ಹೇಳುತ್ತದೆ. ಎಚ್‌ಪಿ (ಹಿಟ್ ಪಾಯಿಂಟ್) ಅಂದರೆ ಪಾತ್ರ ಎಷ್ಟು ಏಟು ತಾಳುತ್ತದೆ ಅನ್ನುವ ಅಂಕಿ. ಈ ಜಾತಿಯ ಆಟಗಳಲ್ಲಿ ಮೊದಲು ಪುಸ್ತಕವಾಗಿ ಮಾರಾಟಕ್ಕೆ ಬಂದದ್ದು ಅಮೆರಿಕದ ಡಂಜನ್ಸ್ ಆ್ಯಂಡ್ ಡ್ರಾಗನ್ಸ್, 1974ರಲ್ಲಿ. ನಾವು ಆಡುವುದು ಅದರದೇ ಐದನೇ ಆವೃತ್ತಿ, 2014ರದ್ದು.

ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆ ನೋಡಿದವರಿಗೆ ಇದನ್ನು ವಿವರಿಸುವುದು ತುಂಬ ಸುಲಭ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಶಾಲು ಹೊದ್ದು ಕೂತವರು 'ನಾನು ವಾಲಿ' ಅಂದರೆ ಅವರು ವಾಲಿಯೇ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಮಾತನ್ನು ಅಲ್ಲೇ ಕೂತು ಕಟ್ಟುತ್ತಾನೆ. ಎದುರಿನವನು ಏನು ಕೇಳಿಬಿಡುತ್ತಾನೋ ಗೊತ್ತಿರುವುದಿಲ್ಲ. ಗೇಮ್ ಮಾಸ್ಟರ್ ಅಂದರೆ ಅರ್ಧ ಭಾಗವತ, ಅರ್ಧ ಎದುರಾಳಿ. ನಮಗೆ ಹೊಸತು ಅಂತ ಇದ್ದದ್ದು ದಾಳ ಒಂದೇ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ಈ ಆಟಕ್ಕೆ ಹೆದರುವುದು ನೋಡಿದರೆ ನನಗೆ ನಗು ಬರುತ್ತದೆ.

ಒಬ್ಬ ವೀರನನ್ನು ಪಾತ್ರ ಮಾಡಲು ಎಲ್ಲಿಂದ ಶುರು ಮಾಡೋದು? ಬಲ ಎಷ್ಟು ಅಂತ ಬರೆದುಕೊಳ್ಳೋದಾ?

ಬಲ ಆಮೇಲೆ. ಮೊದಲು ಪೀಠಿಕೆ ಹೇಳಿ.

ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಅರ್ಥಧಾರಿ ಮೊದಲ ಸಲ ಬಾಯಿ ತೆರೆದಾಗ ತಾನು ಯಾರು, ಇಲ್ಲಿಗೆ ಯಾಕೆ ಬಂದೆ, ಮನಸ್ಸಿನಲ್ಲಿ ಏನು ಕೊರೆಯುತ್ತಿದೆ ಅಂತ ಹೇಳಿಕೊಳ್ಳುತ್ತಾನಲ್ಲ, ಅದೇ. ನಮ್ಮಲ್ಲಿ ಹೊಸ ಪಾತ್ರ ತರುವವರು ಎರಡು ನಿಮಿಷ ಪೀಠಿಕೆ ಹೇಳಬೇಕು. ಕ್ಯಾರೆಕ್ಟರ್ ಶೀಟ್, ಅಂದರೆ ಪಾತ್ರದ ವಿವರ ಬರೆಯುವ ಹಾಳೆ, ಮುಟ್ಟುವುದು ಅದಾದ ಮೇಲೆ. ಪೀಠಿಕೆಯಲ್ಲಿ ಮೂರು ವಿಷಯ ಬಂದೇ ಬರಬೇಕು. ಇವನಿಗೆ ಮಾತ್ರ ಸಾಧ್ಯವಿರುವ ಒಂದು ಕೆಲಸ. ಇವನು ಇಲ್ಲ ಅನ್ನಲಾಗದ ಒಂದು ಮಾತು. ಇವನು ಬೀಳುವ ಒಂದು ದಾರಿ.

ಮೂರನೆಯದು ಇಲ್ಲದಿದ್ದರೆ ಪಾತ್ರ ನಿಲ್ಲುವುದಿಲ್ಲ. ಕರ್ಣ ಅಂದ ಕೂಡಲೇ ನಿಮಗೆ ನೆನಪಾಗುವುದು ಏನು? ಅವನು ಎಷ್ಟು ಬಾಣ ಬಿಟ್ಟ ಅಂತಲಾ? ಹೂತ ರಥದ ಗಾಲಿ, ಕೊಟ್ಟುಬಿಟ್ಟ ಕವಚ, ಬೇಕಾದ ಹೊತ್ತಿಗೆ ಮರೆತುಹೋದ ಮಂತ್ರ. ಅಭಿಮನ್ಯು ಅಂದರೆ ಒಳಗೆ ಹೋಗಲು ಗೊತ್ತು, ಹೊರಗೆ ಬರಲು ಗೊತ್ತಿಲ್ಲ. ಈ ಕೊರತೆಯನ್ನು ಶೀಟಿನಲ್ಲಿ ಎಲ್ಲಕ್ಕಿಂತ ಮೇಲೆ, ಹೆಸರಿನ ಪಕ್ಕದಲ್ಲೇ ಬರೆಯಿರಿ.

ಭೀಮನಿಗೆ ಬಲ 30 ಕೊಡಬಹುದಾ?

ಆರು ಗುಣಗಳಿಗೆ ಅಂಕಿ ಹಾಕಬೇಕು. ನಾವು ಅವನ್ನು ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಅನ್ನುತ್ತೇವೆ. ಸಾಮಾನ್ಯ ಮನುಷ್ಯನಿಗೆ 10. ಹತ್ತರ ಮೇಲೆ ಪ್ರತಿ ಎರಡು ಅಂಕಕ್ಕೆ ದಾಳಕ್ಕೆ ಒಂದು ಸೇರುತ್ತದೆ. 12ಕ್ಕೆ 1, 14ಕ್ಕೆ 2, 18ಕ್ಕೆ 4. ಆಟಗಾರರ ಪಾತ್ರಕ್ಕೆ ಸಾಮಾನ್ಯವಾಗಿ ಮಿತಿ 20. ಮೂವತ್ತರವರೆಗೆ ಹೋಗುವುದು ರಾಕ್ಷಸರು, ದೇವತೆಗಳು.

ಹಳೆ ಪದ್ಧತಿಯಲ್ಲಿ ಆರು ಮುಖದ ಮೂರು ದಾಳ ಹಾಕಿ ಕೂಡಿಸುತ್ತಿದ್ದರು. ಹಾಗೆ ಮಾಡಿದರೆ 18 ಬರುವುದು 216ರಲ್ಲಿ ಒಂದು ಸಲ. ಅಂದರೆ ಭೀಮನನ್ನು ಆಡಬೇಕು ಅಂತ ಬಂದವರಿಗೆ ಬಲ 9 ಬಂದು ಮುಖ ಸಣ್ಣ ಆಗುವುದೇ ಜಾಸ್ತಿ. ಅದಕ್ಕೇ ನಾವು ಪುಸ್ತಕದಲ್ಲೇ ಇರುವ ಸಿದ್ಧ ಅಂಕಿಗಳನ್ನು ಬಳಸುತ್ತೇವೆ: 15, 14, 13, 12, 10, 8. ಯಾವುದನ್ನು ಎಲ್ಲಿ ಹಾಕಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಆ 8 ಎಲ್ಲಿ ಕೂತಿದೆ ಅಂತ ನೋಡಿದರೆ ನೀವು ವೀರನನ್ನು ಎಷ್ಟು ಅರ್ಥ ಮಾಡಿಕೊಂಡಿದ್ದೀರಿ ಅಂತ ನನಗೆ ಗೊತ್ತಾಗುತ್ತದೆ.

ಹಾಗಾದರೆ ಯಾವ ಲೆವೆಲ್‌ನಿಂದ ಶುರು?

ಮೂರು ಅಥವಾ ಐದು. ಲೆವೆಲ್ ಅಂದರೆ ಪಾತ್ರ ಎಷ್ಟು ಪಳಗಿದೆ ಅನ್ನುವ ಮೆಟ್ಟಿಲು, ಆಟದಲ್ಲಿ 20ರವರೆಗೆ ಇದೆ. 20 ಬೇಡವೇ ಬೇಡ.

ನಾನು ಗೇಮ್ ಮಾಸ್ಟರ್ ಆಗಿದ್ದ ಮೊದಲ ವರ್ಷ ಈ ತಪ್ಪು ಮಾಡಿದ್ದೇನೆ. ಚಿಕ್ಕಪ್ಪನ ಮಗ ಕರ್ಣನೇ ಬೇಕು, ಪೂರ್ತಿ ಕರ್ಣ ಬೇಕು ಅಂತ ಹಟ ಹಿಡಿದ. ಲೆವೆಲ್ 20 ಕೊಟ್ಟೆ. ಉಳಿದ ಮೂವರು ಲೆವೆಲ್ 3. ಮೂರು ಗಂಟೆ ಹೊತ್ತು ಕರ್ಣ ಒಬ್ಬನೇ ಬಾಣ ಬಿಟ್ಟ, ಉಳಿದವರು ಹಲಸಿನ ಹಪ್ಪಳ ತಿಂದರು. ಕೊನೆಗೆ ಕರ್ಣನಿಗೇ ಬೇಜಾರು ಬಂದು ಮೊಬೈಲ್ ನೋಡಲು ಶುರು ಮಾಡಿದ. ಮುಂದಿನ ವಾರ ಅದೇ ಕರ್ಣನನ್ನು ಲೆವೆಲ್ 3ಕ್ಕೆ ಇಳಿಸಿದೆವು. ಪರಶುರಾಮರ ಹತ್ತಿರ ಸುಳ್ಳು ಹೇಳಿ ಬಿಲ್ವಿದ್ಯೆ ಕಲಿಯುತ್ತಿರುವ ಹುಡುಗ. ಆಟ ರಾತ್ರಿ ಎಂಟರವರೆಗೆ ಹೋಯಿತು.

ದೊಡ್ಡ ಅಸ್ತ್ರಗಳನ್ನು ಏನು ಮಾಡೋದು?

ಪುರಾಣವೇ ದಾರಿ ತೋರಿಸಿದೆ. ಇಂದ್ರ ಕವಚ ಕುಂಡಲ ಪಡೆದು ಕರ್ಣನಿಗೆ ಕೊಟ್ಟ 'ಶಕ್ತಿ' ಅನ್ನುವ ಆಯುಧವನ್ನು ಒಂದೇ ಸಲ ಬಿಡಬಹುದು. ಅರ್ಜುನನಿಗೆ ಅಂತ ಇಟ್ಟುಕೊಂಡದ್ದು ಘಟೋತ್ಕಚನ ಮೇಲೆ ಖರ್ಚಾಗಿಹೋಯಿತು. ಶೀಟಿನಲ್ಲಿ ಒಂದು ಚೌಕ ಬರೆಯಿರಿ, ಬಳಸಿದ ಮೇಲೆ ಗೀಟು ಹಾಕಿ. ಮತ್ತೆ ತುಂಬುವ ಹಾಗಿಲ್ಲ. ಆ ಚೌಕ ಖಾಲಿ ಇರುವಷ್ಟು ದಿನ ಆಟಗಾರನಿಗೆ ನಿದ್ರೆ ಬರುವುದಿಲ್ಲ ನೋಡಿ.

ಇನ್ನೊಂದು ಕಡೆ, ಶಾಪ ಕಚ್ಚಿದಾಗಲೆಲ್ಲ ಏನಾದರೂ ಕೊಡಬೇಕು. ಆಟದಲ್ಲಿ ಇನ್‌ಸ್ಪಿರೇಷನ್ ಅಂತ ಒಂದು ಬಹುಮಾನ ಇದೆ. ಅದು ಕೈಯಲ್ಲಿದ್ದರೆ ಬೇಕಾದ ಹೊತ್ತಿಗೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಕರ್ಣ ತಾನಾಗಿಯೇ 'ಮಂತ್ರ ಮರೆತೆ' ಅಂದರೆ ಒಂದು ಇನ್‌ಸ್ಪಿರೇಷನ್. ಆಗ ಆಟಗಾರರು ಶಾಪವನ್ನು ಮುಚ್ಚಿಡುವುದು ಬಿಟ್ಟು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ.

ಒಂದು ಪೂರ್ತಿ ಉದಾಹರಣೆ ಕೊಡಿ.

ವಾಲಿ. ನಮ್ಮ ಕಡೆ ತಾಳಮದ್ದಳೆ ಕೇಳಿ ಬೆಳೆದವರ ಕಿವಿಯಲ್ಲಿ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಇನ್ನೂ ಇದ್ದಾನೆ, ಹಾಗಾಗಿ ಪೀಠಿಕೆಗೆ ಕಷ್ಟವಿಲ್ಲ.

ಸಮಸ್ಯೆ ಇರುವುದು ಅವನ ವರದಲ್ಲಿ. ಎದುರು ನಿಂತವನ ಅರ್ಧ ಬಲ ವಾಲಿಗೆ ಬರುತ್ತದೆ. ಮೊದಲು ಇದನ್ನು ಅಕ್ಷರಶಃ ಮಾಡಿ ನೋಡಿದೆವು. ಶತ್ರುವಿನ ಪ್ರತಿ ಅಂಕಿಯನ್ನೂ ಎರಡರಿಂದ ಭಾಗಿಸಿ ವಾಲಿಗೆ ಕೂಡಿಸುವುದು. ಒಂದೊಂದು ಏಟಿಗೆ ಐದು ನಿಮಿಷ ಲೆಕ್ಕ. ಜಗಳವೋ ಬ್ಯಾಂಕಿನ ಖಾತೆಯೋ ಗೊತ್ತಾಗಲಿಲ್ಲ. ಈಗಿನ ನಿಯಮ ಸರಳ. ವಾಲಿಗೆ ಕಾಣುವ ಹಾಗೆ ಎದುರು ನಿಂತು ಹೊಡೆಯುವವನು ಇಪ್ಪತ್ತು ಮುಖದ ಎರಡು ದಾಳ ಹಾಕಿ ಚಿಕ್ಕದನ್ನು ತೆಗೆದುಕೊಳ್ಳಬೇಕು. ಸರಾಸರಿ ಹತ್ತೂವರೆ ಇದ್ದದ್ದು ಏಳರ ಹತ್ತಿರ ಇಳಿಯುತ್ತದೆ. ಮರೆಯಲ್ಲಿ ನಿಂತವನಿಗೆ ಈ ನಿಯಮ ಇಲ್ಲ. ಅಲ್ಲೇ ಅವನು ಬೀಳುವ ದಾರಿಯೂ ಇದೆ.

ಕ್ಲಾಸ್ ಬಾರ್ಬೇರಿಯನ್ (ರೋಷದಿಂದ ಹೊಡೆದಾಡುವವನು), ಲೆವೆಲ್ 5. ಬಲ 15, ಲೆವೆಲ್ 4ರಲ್ಲಿ ಸಿಗುವ ಎರಡು ಸೇರಿ 17. ತಾಳಿಕೆ 14, ವರ್ಚಸ್ಸು 13, ಚುರುಕು 12, ಬುದ್ಧಿ 10. ವಿವೇಕ 8. ಸುಗ್ರೀವ ಎರಡನೇ ಸಲ ಬಂದು ಕೂಗಿದಾಗ ತಾರೆ ಬೇಡ ಅಂದಳು, ಇವನು ಕೇಳಲಿಲ್ಲ. 8ಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಎಚ್‌ಪಿ 50. ನಾವು ಎಚ್‌ಪಿ ಎಣಿಸುವುದು ಚೆನ್ನೆಮಣೆಯ (ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಮಣೆ) ಕಾಯಿಗಳಲ್ಲಿ. ಮಣೆಗೆ 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ, ವಾಲಿಗೆ ಕೊಟ್ಟು ಆರು ಉಳಿಯುತ್ತದೆ. ಏಟು ಬಿದ್ದಾಗ ಕಾಯಿ ಎತ್ತುವ ಸದ್ದು ಇದೆಯಲ್ಲ, ಪೆನ್ಸಿಲಿನಲ್ಲಿ ಅಳಿಸಿದರೆ ಅದು ಬರುವುದಿಲ್ಲ. (ಆಟಿ ತಿಂಗಳು ಕಳೆದ ಮೇಲೂ ಮಣೆ ಅಟ್ಟ ಸೇರಿಲ್ಲ ಅಂತ ಅಜ್ಜಿಯ ತಕರಾರು ಇದ್ದೇ ಇದೆ.)

ಶೀಟಿನಲ್ಲಿ ಇನ್ನೂ ಎರಡು ಸಾಲು ಇವೆ. ಒಂದು, ಋಷ್ಯಮೂಕಕ್ಕೆ ಕಾಲಿಡುವಂತಿಲ್ಲ. ದುಂದುಭಿಯ ಹೆಣ ಎಸೆದಾಗ ರಕ್ತ ಆಶ್ರಮಕ್ಕೆ ಸಿಡಿದು ಮತಂಗ ಮುನಿ ಕೊಟ್ಟ ಶಾಪ. ನಕ್ಷೆಯಲ್ಲಿ ಒಂದು ಗುಡ್ಡಕ್ಕೆ ಕೆಂಪು ಗೀಟು ಹಾಕಿ, ಬೇಕಾದದ್ದನ್ನೆಲ್ಲ ಅಲ್ಲೇ ಇಡಿ. ಎರಡು, ಎಚ್‌ಪಿ ಸೊನ್ನೆ ಆದ ಮೇಲೂ ವಾಲಿ ಮಾತಾಡಬಹುದು. ಹೊಡೆದವನನ್ನು ಮೂರು ಪ್ರಶ್ನೆ ಕೇಳುವ ಹಕ್ಕು ಅವನಿಗಿದೆ, ಹೊಡೆದವನು ನಿಜವಾದ ಉತ್ತರ ಕೊಡಲೇಬೇಕು. ಇದಕ್ಕೆ ದಾಳ ಇಲ್ಲ. ನಮ್ಮ ಜಗಲಿಯಲ್ಲಿ ಇಲ್ಲಿಯವರೆಗೆ ನಡೆದ ಒಳ್ಳೆಯ ಹೊತ್ತುಗಳೆಲ್ಲ ಈ ಮೂರು ಪ್ರಶ್ನೆಗಳಲ್ಲೇ ನಡೆದಿವೆ.

ಕ್ಲಾಸ್ ಹೇಗೆ ಆರಿಸೋದು?

ಪುಸ್ತಕದ ಹೆಸರುಗಳು ತಲೆಗೆ ಹತ್ತದಿದ್ದರೆ ಯಕ್ಷಗಾನದವರು ಬಣ್ಣ ಹಚ್ಚುವ ಚೌಕಿಯನ್ನು ನೆನಪಿಸಿಕೊಳ್ಳಿ. ನಿಮ್ಮ ವೀರ ನಮ್ಮ ಕಡೆಯ ಯಕ್ಷಗಾನವಾದ ತೆಂಕುತಿಟ್ಟಿನಲ್ಲಿ ಯಾವ ವೇಷ? ಪುಂಡುವೇಷ ಆದರೆ, ಅಂದರೆ ಅಭಿಮನ್ಯು, ಬಭ್ರುವಾಹನರ ಥರ ಧೀಂಗಿಣ (ಹಾರಿ ಸುತ್ತುವ ಕುಣಿತ) ಹಾಕುವವನಾದರೆ, ಚುರುಕಿಗೆ 15 ಕೊಟ್ಟು ಫೈಟರ್ (ಆಯುಧದ ಯೋಧ) ಅಥವಾ ಮಂಕ್ (ಬರಿಗೈಯಲ್ಲಿ ಕಾದಾಡುವವನು) ಮಾಡಿ. ಬಣ್ಣದ ವೇಷ, ಅಂದರೆ ರಾಕ್ಷಸರ ಥರದವನಾದರೆ, ಬಾರ್ಬೇರಿಯನ್. ಕಿರೀಟವೇಷದ ರಾಜರಿಗೆ ಪ್ಯಾಲಡಿನ್ ಹೊಂದುತ್ತದೆ, ಯಾಕೆಂದರೆ ಆ ಕ್ಲಾಸ್ ನಿಂತಿರುವುದೇ ಪ್ರತಿಜ್ಞೆಯ ಮೇಲೆ. ಹಾಸ್ಯಗಾರನಾದರೆ ಬಾರ್ಡ್ (ಹಾಡು, ಮಾತಿನಿಂದ ಗೆಲ್ಲುವವನು). ಹಾಸ್ಯಗಾರನನ್ನು ಯಾರೂ ಮೊದಲಿಗೆ ಆರಿಸುವುದಿಲ್ಲ, ಆದರೆ ತಂಡವನ್ನು ಉಳಿಸುವುದು ಹೆಚ್ಚಾಗಿ ಅವನೇ.

ಹನುಮಂತನನ್ನು ಕೊಟ್ಟರೆ ಆಟವೇ ಮುಗಿಯೋದಿಲ್ವಾ?

ಇಲ್ಲ. ಅವನಿಗೆ ತನ್ನ ಶಕ್ತಿ ಮರೆತುಹೋಗುವ ಶಾಪ ಇದೆ. ಜಾಂಬವಂತ ನೆನಪಿಸಿದ ಮೇಲೆಯೇ ಸಮುದ್ರ ಹಾರಿದ್ದು. ಹಾಗಾಗಿ ಹನುಮಂತ ದೊಡ್ಡ ಕೆಲಸ ಮಾಡಬೇಕಾದರೆ ಬೇರೆ ಆಟಗಾರ ತನ್ನ ಪಾತ್ರದ ಬಾಯಲ್ಲೇ ಅವನನ್ನು ಹೊಗಳಬೇಕು. 'ನೀನು ಬಲಶಾಲಿ' ಅಂದರೆ ಸಾಲದು, ಅವನು ಹಿಂದೆ ಮಾಡಿದ್ದನ್ನು ಹೇಳಬೇಕು. ಬಾಯಿಯೇ ಬಿಡದ ಹುಡುಗರೂ ಈ ನಿಯಮದಿಂದ ಮಾತು ಕಲಿತಿದ್ದಾರೆ.

ಮಲಯಾಳಿ ಗೆಳೆಯರಿದ್ದಾರೆ. ಅವರ ವೀರರನ್ನೂ ತರಬಹುದಾ?

ಖಂಡಿತ. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದರೆ ವಡಕ್ಕನ್ ಪಾಟ್ಟುಗಳ, ಅಂದರೆ ಉತ್ತರ ಮಲಬಾರಿನ ವೀರರ ಹಾಡುಗಳ, ಸೀಮೆ ಹತ್ತಿರವೇ. ನಿಜ ಹೇಳಬೇಕೆಂದರೆ ಈ ಆಟಕ್ಕೆ ಅವರ ವೀರರು ನಮ್ಮವರಿಗಿಂತ ಚೆನ್ನಾಗಿ ಒಗ್ಗುತ್ತಾರೆ. ದೇವತೆಗಳ ಮಕ್ಕಳಲ್ಲ, ಕಳರಿಯಲ್ಲಿ (ಕಾದಾಟ ಕಲಿಸುವ ಗರಡಿ) ಬೆವರು ಸುರಿಸಿ ಕಲಿತವರು. ಆರೋಮಲ್ ಚೇಕವರ್ ಅಂಕಕ್ಕೆ (ದ್ವಂದ್ವಯುದ್ಧಕ್ಕೆ) ಹೋಗುವಾಗ ಅವನ ಕತ್ತಿಗೆ ಸರಿಯಾದ ಆಣಿ ಹಾಕದೆ ಮರದ ಆಣಿ ಹಾಕಿಸಿ ಮೋಸ ಮಾಡಿದ ಚಂತುವಿನ ಕಥೆ ಇದೆ. ಆ ಕತ್ತಿಯನ್ನು ಹಾಗೇ ಶೀಟಿಗೆ ತನ್ನಿ: ದಾಳದಲ್ಲಿ 1 ಬಂದರೆ ತುಂಡು. ತಚ್ಚೋಳಿ ಒದೇನನ್ ಗೆದ್ದ ಮೇಲೆ, ಬಿಟ್ಟುಬಂದ ಆಯುಧ ತರಲು ಹಿಂದೆ ಹೋಗಿ ಗುಂಡು ತಿಂದವನು. ಅವನ ಶೀಟಿನಲ್ಲಿ 'ಆಯುಧ ಬಿಟ್ಟು ಬರುವುದಿಲ್ಲ' ಅಂತ ಒಂದೇ ಸಾಲು ಸಾಕು. ಉಣ್ಣಿಯಾರ್ಚೆಯ ಉರುಮಿ ಸೊಂಟಕ್ಕೆ ಸುತ್ತಿಕೊಳ್ಳುವ, ಬಳುಕುವ ಕತ್ತಿ. ನಮ್ಮ ನಿಯಮದಲ್ಲಿ ಅದು ಸುತ್ತ ನಿಂತ ಇಬ್ಬರಿಗೆ ಒಟ್ಟಿಗೆ ತಾಗುತ್ತದೆ, 1 ಬಂದರೆ ಬೀಸಿದವರಿಗೇ ತಾಗುತ್ತದೆ.

ಹೊರದೇಶದ ವೀರರು?

ಅದೇ ಮೂರು ವಿಷಯ ಹುಡುಕಿ. ಅಕಿಲೀಸನಿಗೆ ಹಿಮ್ಮಡಿ ಅಂತ ಎಲ್ಲರಿಗೂ ಗೊತ್ತು. ಆರ್ಥರ್ ರಾಜ ಅಂದ ಕೂಡಲೇ ಎಲ್ಲರೂ ಕತ್ತಿ ಕೇಳುತ್ತಾರೆ. ಹಳೆ ಕಥೆಯಲ್ಲಿ ಮರ್ಲಿನ್ ಹೇಳುವುದು ಬೇರೆ. ಕತ್ತಿಗಿಂತ ಒರೆ ಹತ್ತು ಪಾಲು ಮೇಲು, ಅದು ಜೊತೆಗಿದ್ದರೆ ರಕ್ತ ಹೋಗುವುದಿಲ್ಲ. ಆ ಒರೆ ಮುಂದೆ ಕಳೆದುಹೋಗುತ್ತದೆ. ಒರೆಯನ್ನು ಶೀಟಿನಲ್ಲಿ ಬರೆಯಿರಿ, ಕದಿಯಲು ಒಬ್ಬರನ್ನು ಕಳಿಸಿ.

ಈಗಿನ ಕಾದಂಬರಿ, ಸಿನಿಮಾದ ವೀರರನ್ನು ಮನೆಯಲ್ಲಿ ಆಡಬಹುದು, ಪುಸ್ತಕ ಮಾಡಿ ಮಾರಲು ಹೋಗಬೇಡಿ. ಡಂಜನ್ಸ್ ಆ್ಯಂಡ್ ಡ್ರಾಗನ್ಸ್‌ಗೇ ಮೊದಲ ವರ್ಷಗಳಲ್ಲಿ ಟೋಲ್ಕಿನ್ ಕಾದಂಬರಿಯ 'ಹಾಬಿಟ್' ಅನ್ನುವ ಹೆಸರು ತೆಗೆದು 'ಹಾಫ್‌ಲಿಂಗ್' ಅಂತ ಮಾಡಬೇಕಾಯಿತು. ವಾಲಿಯ ಹೆಸರಿಗೆ ಯಾವ ಕಂಪನಿಯೂ ನೋಟಿಸ್ ಕಳಿಸುವುದಿಲ್ಲ.

ತುಳುನಾಡಿನ ದೈವಗಳನ್ನು ಪಾತ್ರ ಮಾಡಬಹುದಾ? ಅವಳಿ ವೀರರಾದ ಕೋಟಿ-ಚೆನ್ನಯರು?

ನಮ್ಮಲ್ಲಿ ಇಲ್ಲ. ಒಮ್ಮೆ ಆ ಮಾತು ಎತ್ತಿದ್ದೆವು. ಒಳಗೆ ಅಡಿಕೆ ಸುಲಿಯುತ್ತಿದ್ದ ಅಜ್ಜಿ ಮೆಟ್ಟುಕತ್ತಿ ಬಿಟ್ಟು ಎದ್ದು ಬಂದರು. 'ದೈವಂಗಳೊಟ್ಟಿಂಗೆ ಹುಡುಗಾಟ ಆಡ್ಲಾಗ ಮಗಾ' ಅಂದರು. ಹನುಮಂತ ಆಗುತ್ತಾನಲ್ಲ ಅಂತ ನಾನು ವಾದ ಮಾಡಿದೆ. ಹನುಮಂತನ ವೇಷ ಕಟ್ಟಿದವನು ಬೆಳಿಗ್ಗೆ ಚೌಕಿಯಲ್ಲಿ ಬಣ್ಣ ತೆಗೆದು ಚಾ ಕುಡಿಯುತ್ತಾನೆ, ಕೋಲದಲ್ಲಿ ಬರುವುದು ವೇಷ ಅಲ್ಲ, ದೈವವೇ ಬರುವುದು ಅಂತ ಅಜ್ಜಿಯ ಉತ್ತರ. ಕೋಟಿ-ಚೆನ್ನಯರ ಕಥೆ ಯಕ್ಷಗಾನದಲ್ಲೂ ಬಂದಿದೆ ಅನ್ನುವುದು ನಿಜ. ಆದರೆ ನಮ್ಮ ತಂಡದ ಒಬ್ಬರ ಮನೆಯವರು ಕೋಟಿ-ಚೆನ್ನಯರ ಗುಡಿಯಾದ ಗರಡಿಗೆ ನಡೆದುಕೊಳ್ಳುವವರು. ಅವರು ಬೇಡ ಅಂದರು, ಅಲ್ಲಿಗೆ ಮುಗಿಯಿತು.

1980ರಲ್ಲಿ ಇದೇ ಆಟಕ್ಕೆ ನಾನಾ ನಾಡಿನ ದೇವರುಗಳಿಗೆ ಅಂಕಿ ಹಾಕಿದ ಒಂದು ಪುಸ್ತಕ ಬಂದಿತ್ತು, ನಮ್ಮ ದೇವತೆಗಳೂ ಅದರಲ್ಲಿದ್ದರು. ನನಗೆ ಅದು ಹಿಡಿಸಲಿಲ್ಲ. ದೇವರ ಹೆಸರಿನ ಎದುರು ಎಚ್‌ಪಿ ಬರೆದ ಕೂಡಲೇ ಯಾರಾದರೂ ಒಬ್ಬ 'ಕೊಲ್ಲಬಹುದಾ?' ಅಂತ ಕೇಳಿಯೇ ಕೇಳುತ್ತಾನೆ.

ಕಥೆ ಎಲ್ಲರಿಗೂ ಗೊತ್ತಿರುತ್ತದೆ. ಅಭಿಮನ್ಯು ಸಾಯಲೇಬೇಕಾ?

ಬೇಕಿಲ್ಲ. ಆದರೆ ಅವನಿಗೆ ಹೊರಗೆ ಬರುವ ದಾರಿ ಗೊತ್ತಿಲ್ಲ ಅನ್ನುವುದನ್ನು ಬದಲಾಯಿಸಬಾರದು. ದಾರಿ ಗೊತ್ತಿಲ್ಲದೆಯೇ ಹೊರಗೆ ಬಂದರೆ ಬರಲಿ.

ಕಳೆದ ಮಳೆಗಾಲದಲ್ಲಿ ಮಾಯಾವಿಯ ಗುಹೆ ಆಡಿದೆವು, ವಾಲಿ ರಾಕ್ಷಸ ಮಾಯಾವಿಯನ್ನು ಅಟ್ಟಿಕೊಂಡು ಒಳಗೆ ಹೋದ ಕಥೆ. ಗುಹೆಗೆ ನಮಗೆ ಚಿತ್ರ ಬೇಕಾಗಲಿಲ್ಲ. ಮನೆ ಹಿಂದಿನ ಗುಡ್ಡದಲ್ಲಿ ನೀರಿಗಾಗಿ ಕೊರೆದ ಸುರಂಗ ಇದೆ, ಎಲ್ಲರೂ ನೋಡಿದ್ದಾರೆ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಕಾಲಡಿಯಲ್ಲಿ ತಣ್ಣನೆ ನೀರು, ಹತ್ತು ಹೆಜ್ಜೆ ಆದ ಮೇಲೆ ಕತ್ತಲೆ, ಬಾವಲಿ. ವಾಲಿ ಒಳಗೆ ಹೋದ. ಅವನ ಆಟಗಾರನನ್ನು ನಿಜವಾಗಿಯೂ ಒಳಕೋಣೆಗೆ ಕಳಿಸಿ ಬಾಗಿಲು ಹಾಕಿದೆ. ಸುಗ್ರೀವನಾಗಿದ್ದವರು ಶಾಲೆಯ ಮೇಷ್ಟ್ರು, ಜಗಲಿಯಲ್ಲೇ ಉಳಿದರು. ಹೊರಗೆ ಬರುವ ನೀರು ಕೆಂಪಾಗಿದೆ ಅಂತ ಹೇಳಿದೆ. ಯಾರ ರಕ್ತ ಅಂತ ಹೇಳಲಿಲ್ಲ.

ಕಥೆಯಲ್ಲಿ ಸುಗ್ರೀವ ಅಣ್ಣ ಸತ್ತ ಅಂದುಕೊಂಡು ಬಂಡೆ ಮುಚ್ಚಿ ಹೋಗುತ್ತಾನೆ. ಅದು ಮೇಷ್ಟ್ರಿಗೆ ಗೊತ್ತು, ನಮಗೆಲ್ಲರಿಗೂ ಗೊತ್ತು. ಅವರು ದಾಳ ಕೈಯಲ್ಲಿ ಹಿಡಿದು ತುಂಬ ಹೊತ್ತು ಕೂತರು. ಆಮೇಲೆ 'ಬಂಡೆ ಮುಚ್ಚುವುದಿಲ್ಲ, ನಾನೂ ಒಳಗೆ ಹೋಗುತ್ತೇನೆ' ಅಂದರು. ಎದ್ದು ಹೋಗಿ ಒಳಕೋಣೆಯ ಬಾಗಿಲು ತಟ್ಟಿದರು. ಅಲ್ಲಿಂದ ಮುಂದಿನ ರಾಮಾಯಣ ಏನಾಗಬೇಕು ಅಂತ ನನಗೆ ಇವತ್ತಿಗೂ ಹೊಳೆದಿಲ್ಲ, ಆಟ ನಡೆಯುತ್ತಾ ಇದೆ.

ಯಾವ ಭಾಷೆಯಲ್ಲಿ ಆಡುತ್ತೀರಿ?

ನಿಯಮ ಕನ್ನಡದಲ್ಲಿ, ಜಗಳ ತುಳುವಿನಲ್ಲಿ, ಸಂಧಾನ ಮಲಯಾಳದಲ್ಲಿ. ಪಾತ್ರದ ಮಾತು ಮಾತ್ರ ಯಕ್ಷಗಾನದ ಕನ್ನಡಕ್ಕೆ ತಾನಾಗಿಯೇ ಏರಿಬಿಡುತ್ತದೆ.

ಇಪ್ಪತ್ತು ಮುಖದ ದಾಳ ನಮ್ಮ ಪೇಟೆಯಲ್ಲಿ ಸಿಗಲ್ಲ. ಏನು ಮಾಡೋದು?

ಆನ್‌ಲೈನ್‌ನಲ್ಲಿ ಸಿಗುತ್ತದೆ. ಬರುವವರೆಗೆ ಕಾಯಬೇಡಿ. ಒಂದು ಲೂಡೋ ದಾಳ, 1ರಿಂದ 10ರವರೆಗೆ ಬರೆದ ಹತ್ತು ಚೀಟಿ, ಒಂದು ಖಾಲಿ ಡಬ್ಬ. ಚೀಟಿ ಎತ್ತಿ, ದಾಳ ಹಾಕಿ. ದಾಳದಲ್ಲಿ 1, 2, 3 ಬಂದರೆ ಚೀಟಿಯ ಅಂಕಿ ಹಾಗೇ. 4, 5, 6 ಬಂದರೆ ಹತ್ತು ಸೇರಿಸಿ. ಚೀಟಿಯನ್ನು ತಿರುಗಿ ಡಬ್ಬಕ್ಕೆ ಹಾಕಲು ಮರೆಯಬೇಡಿ, ನಾವು ಒಂದು ಸಂಜೆ ಪೂರ್ತಿ ಮರೆತಿದ್ದೆವು. ಮೊಬೈಲ್ ಆ್ಯಪ್ ಕೂಡ ಇದೆ, ನನಗೆ ಇಷ್ಟ ಇಲ್ಲ.

ನಿಯಮಗಳಿಗೂ ದುಡ್ಡು ಕೊಡಬೇಕಿಲ್ಲ. ಐದನೇ ಆವೃತ್ತಿಯ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಇಳಿಸಿಕೊಂಡು ಬೇಕಾದಷ್ಟು ಪುಟ ಪ್ರಿಂಟ್ ತೆಗೆದುಕೊಳ್ಳಿ.

ಮೊದಲ ಸಲ ಬರುವವರು ಏನು ತರಬೇಕು?

ಪೆನ್ಸಿಲ್, ರಬ್ಬರ್, ಎರಡು ನಿಮಿಷದ ಪೀಠಿಕೆ. ಮಳೆಗಾಲ ಆದರೆ ಒಂದು ಟಾರ್ಚ್. ಹಪ್ಪಳ ನಮ್ಮ ಮನೆಯಲ್ಲೇ ಇದೆ.